ಮಾಟುಂಗಾದ ಟಿಕೆಟಿಗೆ ದಿಲ್ಲಿಯಲ್ಲಿ ಉತ್ತರ ಕೊಡುವವರು ಯಾರು?

ಮಾಟುಂಗಾದಂಥ ಮುಂಬಯಿಯ ಬಡಾವಣೆಗಳಲ್ಲಿ ಟಿಕೆಟ್ ಇಟ್ಟು ನಾಟಕ ಆಡಿಸುವವರಿಗೆ ಐನೂರು ರೂಪಾಯಿಯ ಗೆರೆ ಬಾಯಿಪಾಠ. ನಾಟಕ, ನೃತ್ಯ, ಸಂಗೀತ ಕಛೇರಿ, ಸರ್ಕಸ್ ಯಾವುದೇ ಇರಲಿ, ತಲೆಗೆ 500 ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ ಇಲ್ಲ. 501 ಆಯಿತೋ, ಪೂರ್ತಿ ಮೊತ್ತದ ಮೇಲೆ 18 ಪರ್ಸೆಂಟ್. ಪ್ರೇಕ್ಷಕರಿಂದ ತೆರಿಗೆ ಸೇರಿಸಿ 590 ರೂಪಾಯಿ ವಸೂಲು ಮಾಡಿದರೂ ಸಂಘಟಕರ ಕೈಯಲ್ಲಿ ಉಳಿಯುವುದು ಅದೇ 500. ಹಾಗಿರುವಾಗ 550ರ ಟಿಕೆಟ್ ಯಾಕೆ ಇಡಬೇಕು? ಯಾರೂ ಇಡುವುದಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ಗೆರೆ 250 ರೂಪಾಯಿಯಲ್ಲಿತ್ತು. 2018ರ ಜನವರಿ 25ರಿಂದ ಅದು 500ಕ್ಕೆ ಏರಿತು. ಅಲ್ಲಿಗೆ ನಿಂತಿತು. ಆಮೇಲೆ ಹಾಲ್ ಬಾಡಿಗೆ, ಲೈಟಿನವರ ಚಾರ್ಜು, ವೇಷಭೂಷಣ ಸಾಗಿಸುವ ಟೆಂಪೊ ಬಾಡಿಗೆ ಎಲ್ಲ ಜಾಸ್ತಿಯಾಗಿವೆ. ಜಾನಪದ, ಶಾಸ್ತ್ರೀಯ ಕಲಾವಿದರ ಸಂಭಾವನೆಗೂ ಇಂಥದ್ದೇ ಒಂದು ಗೆರೆ ಇದೆ. ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗೆ ತೆರಿಗೆ ಇಲ್ಲ. ಈ ಒಂದೂವರೆ ಲಕ್ಷ ಜಿಎಸ್‌ಟಿಗಿಂತ ಹಳೆಯದು. ಸರ್ವಿಸ್ ಟ್ಯಾಕ್ಸ್ ಕಾಲದಲ್ಲಿ, 2016ರ ಏಪ್ರಿಲ್‌ನಲ್ಲಿ, ಒಂದು ಲಕ್ಷದಿಂದ ಏರಿಸಿದ್ದು ಹಾಗೆಯೇ ಹೊಸ ಪಟ್ಟಿಗೆ ಬಂದು ಕೂತಿದೆ.

ಇದನ್ನು ಯಾರೂ ಸದನದಲ್ಲಿ ಕೇಳುವುದಿಲ್ಲವೇ? ಕೇಳುತ್ತಾರೆ. ಕಲೆಯ ಮೇಲಿನ ತೆರಿಗೆ, ಪುಸ್ತಕದ ಮೇಲಿನ ತೆರಿಗೆ, ಕೈಮಗ್ಗದ ಮೇಲಿನ ತೆರಿಗೆ ಅಂತ ಸಂಸದರು ಪ್ರಶ್ನೆ ಹಾಕುತ್ತಲೇ ಇರುತ್ತಾರೆ. ಮಂತ್ರಿಗಳು ಉತ್ತರವೇ ಕೊಡುವುದಿಲ್ಲ ಎಂಬ ದೂರು ಮುಂಬಯಿಯ ನಮ್ಮ ಕನ್ನಡ ಸಂಘಗಳ ಸಭೆಗಳಲ್ಲಿ ಕೇಳಿಬರುತ್ತದೆ. ಆ ದೂರು ಸರಿಯಲ್ಲ ಅಂತ ನನ್ನ ಅನಿಸಿಕೆ. ಉತ್ತರ ತಪ್ಪದೆ ಬರುತ್ತದೆ, ಅದರಲ್ಲಿ ಸುಳ್ಳೂ ಇರುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಸಂಸ್ಕೃತಿ ಒಬ್ಬ ಮಂತ್ರಿಯ ಖಾತೆ, ತೆರಿಗೆ ಇನ್ನೊಬ್ಬರ ಖಾತೆ, ದರ ನಿಗದಿ ಮೂರನೆಯವರ, ಅಂದರೆ ಜಿಎಸ್‌ಟಿ ಕೌನ್ಸಿಲ್‌ನ ಕೈಯಲ್ಲಿ. ಆ ಮೂರನೆಯವರು ಯಾವ ಸದನದಲ್ಲೂ ಎದ್ದು ನಿಂತು ಉತ್ತರ ಹೇಳಬೇಕಾಗಿಲ್ಲ.

ಇಲ್ಲದ ತೆರಿಗೆ, ಇರುವ ತೆರಿಗೆ

2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಕತೆಯ ಒಂದು ಹಿಂದಿ ಸಿನಿಮಾ ಮಹಾರಾಷ್ಟ್ರದ ಥಿಯೇಟರುಗಳನ್ನು ತುಂಬಿಸುತ್ತಿತ್ತು. ಅದನ್ನು ಟ್ಯಾಕ್ಸ್ ಫ್ರೀ ಮಾಡಿ ಎಂದು ಒತ್ತಾಯ ಬಂತು. ಮಧ್ಯಪ್ರದೇಶ ಮಾಡಿತು, ಪಕ್ಕದ ಗೋವಾವೂ ಮಾಡಿತು. ಸಂಭಾಜಿಯ ಸ್ವಂತ ನೆಲದಲ್ಲಿ ಯಾಕೆ ಇಲ್ಲ ಎಂಬ ಪ್ರಶ್ನೆಗೆ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಕೊಟ್ಟ ಉತ್ತರದ ತಿರುಳು ಇದು: ಮಹಾರಾಷ್ಟ್ರ 2017ರಲ್ಲೇ ಮನರಂಜನಾ ತೆರಿಗೆಯನ್ನು ಶಾಶ್ವತವಾಗಿ ತೆಗೆದುಹಾಕಿದೆ, ಹಾಗಾಗಿ ಮನ್ನಾ ಮಾಡಲು ಆ ತೆರಿಗೆಯೇ ಇಲ್ಲ.

ಮಾತು ಸರಿಯೇ. ಆದರೆ ಸಿನಿಮಾ ಟಿಕೆಟ್ ತೆಗೆದು ಓದಿದವರಿಗೆ ಅದರಲ್ಲಿ ಎರಡು ಸಾಲು ಕಾಣುತ್ತದೆ. ಕೇಂದ್ರದ ಸಿಜಿಎಸ್‌ಟಿ ಅರ್ಧ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧ. 18 ಪರ್ಸೆಂಟ್ ಅಂದರೆ ಇಬ್ಬರಿಗೂ ಒಂಬತ್ತೊಂಬತ್ತು. ಮನರಂಜನಾ ತೆರಿಗೆ ಹೋಗಿದೆ, ಮನರಂಜನೆಯ ಮೇಲಿನ ತೆರಿಗೆ ಹೋಗಿಲ್ಲ. ಈಗ ಒಂದು ರಾಜ್ಯ ಸಿನಿಮಾವನ್ನು ಟ್ಯಾಕ್ಸ್ ಫ್ರೀ ಮಾಡಿತು ಅಂದರೆ ತನ್ನ ಪಾಲಿನ ಎಸ್‌ಜಿಎಸ್‌ಟಿಯನ್ನು ಬಿಟ್ಟುಕೊಟ್ಟಿತು ಎಂದಷ್ಟೇ ಅರ್ಥ. ಕೇಂದ್ರದ ಪಾಲು ಹಾಗೇ ಇರುತ್ತದೆ. ಹೀಗೆ ಪೂರ್ತಿ ಸರಿ ಇದ್ದೂ ಕೇಳಿದ್ದಕ್ಕೆ ಉತ್ತರವಾಗದ ಉತ್ತರಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ.

ಮೊದಲು ಹೀಗಿರಲಿಲ್ಲ. 1923ರ ಬಾಂಬೆ ಎಂಟರ್‌ಟೈನ್‌ಮೆಂಟ್ಸ್ ಡ್ಯೂಟಿ ಕಾಯ್ದೆ ಬ್ರಿಟಿಷರ ಕಾಲದ್ದು, ಸ್ವಾತಂತ್ರ್ಯದ ಮೇಲೂ ನಡೆಯಿತು. ಮನರಂಜನೆಯ ಮೇಲಿನ ತೆರಿಗೆ ಸಂವಿಧಾನದ ರಾಜ್ಯ ಪಟ್ಟಿಯಲ್ಲಿತ್ತು. ನರಿಮನ್ ಪಾಯಿಂಟ್‌ನ ವಿಧಾನ ಭವನದಲ್ಲಿ ಒಬ್ಬ ಶಾಸಕ ಎದ್ದು ನಾಟಕಕ್ಕೆ ಯಾಕಪ್ಪ ಸುಂಕ ಅಂತ ಕೇಳಿದರೆ ಎದುರಿಗಿದ್ದ ಮಂತ್ರಿಗೆ ಅದನ್ನು ಇಳಿಸುವ, ತೆಗೆಯುವ ಅಧಿಕಾರ ಇತ್ತು. ಇಳಿಸಲಿಲ್ಲ ಅಂದರೆ ಬೈಸಿಕೊಳ್ಳುವವರೂ ಅವರೇ. 2016ರ 101ನೇ ತಿದ್ದುಪಡಿ ಈ ಅಧಿಕಾರವನ್ನು ರಾಜ್ಯದಿಂದ ತೆಗೆಯಿತು. ಪಂಚಾಯತಿ, ಪಾಲಿಕೆಗಳು ವಸೂಲು ಮಾಡುವ ಮನರಂಜನಾ ತೆರಿಗೆ ಮಾತ್ರ ರಾಜ್ಯ ಪಟ್ಟಿಯಲ್ಲಿ ಉಳಿಯಿತು. ನಾಟಕಶಾಲೆ, ಸಿನಿಮಾ, ಪ್ರದರ್ಶನಗಳ ನಿಯಂತ್ರಣ ಇವತ್ತೂ ರಾಜ್ಯದ್ದೇ. ಅಂದರೆ ನಾಟಕ ರಾಜ್ಯದ ವಿಷಯ, ಅದರ ಟಿಕೆಟ್ ಅಲ್ಲ.

ದಿಲ್ಲಿಗೆ ಹೋದ ಪ್ರಶ್ನೆ

ಲೋಕಸಭೆಯಲ್ಲಿ ಪ್ರಶ್ನೋತ್ತರ ಬೆಳಿಗ್ಗೆ 11 ಗಂಟೆಗೆ. ರಾಜ್ಯಸಭೆಯಲ್ಲಿ 2014ರಿಂದ ಮಧ್ಯಾಹ್ನ 12ಕ್ಕೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವಕ್ಕೆ ಮಂತ್ರಿ ಎದ್ದು ಬಾಯಿಮಾತಿನಲ್ಲಿ ಉತ್ತರಿಸಬೇಕು, ಸದಸ್ಯರು ಮೇಲಿಂದ ಮೇಲೆ ಉಪಪ್ರಶ್ನೆ ಕೇಳಬಹುದು. ಇದರ ಜೊತೆ 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅವಕ್ಕೆ ಲಿಖಿತ ಉತ್ತರ ಮಾತ್ರ. ಯಾರ ಪ್ರಶ್ನೆ ಮೊದಲು ಬರಬೇಕು ಎಂಬುದಕ್ಕೆ ಚೀಟಿ ಎತ್ತುತ್ತಾರೆ. ಒಂದು ಗಂಟೆಯಲ್ಲಿ ಇಪ್ಪತ್ತೂ ಪ್ರಶ್ನೆ ಮುಟ್ಟುವುದು ತೀರಾ ಅಪರೂಪ. ಗದ್ದಲದ ದಿನ ಎರಡು ಮೂರಕ್ಕೇ ಮುಗಿಯುತ್ತದೆ. 2020ರ ಮಳೆಗಾಲದ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಈ ಒಂದು ಗಂಟೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಉಳಿದಿತ್ತು.

ನೋಟಿಸಿಗೂ ಕಟ್ಟುಪಾಡು ಇದೆ. ಕನಿಷ್ಠ 15 ದಿನ ಮೊದಲು ಕೊಡಬೇಕು. 150 ಪದ ಮೀರಬಾರದು. ವಾದ, ಊಹೆ, ವ್ಯಂಗ್ಯ ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ. ಕೇಂದ್ರ ಸರ್ಕಾರದ ಹೊಣೆಗೆ ಸೇರದ ವಿಷಯವಾದರೆ ಬಾಗಿಲಲ್ಲೇ ತಡೆಯುತ್ತಾರೆ. ಯಾವ ಮಂತ್ರಿಗೆ ಪ್ರಶ್ನೆ ಅಂತ ಮೊದಲೇ ಬರೆದುಕೊಡಬೇಕು. ನಮ್ಮ ವಿಷಯ ಎಡವುವುದು ಇಲ್ಲಿಯೇ.

ಯಕ್ಷಗಾನದ ಮೇಳಕ್ಕೆ ತೆರಿಗೆಯಿಂದ ತೊಂದರೆ ಆಗುತ್ತಿದೆ ಎಂದು ಸಂಸ್ಕೃತಿ ಸಚಿವರಿಗೆ ಬರೆದರೆ ಅವರ ಸಚಿವಾಲಯ ಹೇಳಬಹುದಾದದ್ದು ತನ್ನ ಯೋಜನೆಗಳ ಪಟ್ಟಿಯನ್ನು. ಗುರು-ಶಿಷ್ಯ ಪರಂಪರೆಯ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ. 60 ದಾಟಿದ ಬಡ ಕಲಾವಿದರಿಗೆ ತಿಂಗಳಿಗೆ 6,000ದವರೆಗೆ ನೆರವು. ನಾಗಪುರದಲ್ಲಿರುವ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರ, ಅದರಡಿ ಮಹಾರಾಷ್ಟ್ರವೂ ಇದೆ, ಕರ್ನಾಟಕವೂ ಇದೆ. ಎಲ್ಲ ನಿಜ, ಉಪಯೋಗದ ಮಾಹಿತಿಯೂ ಹೌದು. ತೆರಿಗೆಯ ವಿಷಯಕ್ಕೆ ಬಂದರೆ ಅದು ಹಣಕಾಸು ಇಲಾಖೆಯದ್ದು.

ಸರಿ, ಹಣಕಾಸು ಸಚಿವರಿಗೇ ಬರೆಯೋಣ. ನಿರ್ಮಲಾ ಸೀತಾರಾಮನ್ 2016ರಿಂದ ರಾಜ್ಯಸಭೆಯಲ್ಲಿ ಕರ್ನಾಟಕದ ಪ್ರತಿನಿಧಿ, ಆ ಲೆಕ್ಕಕ್ಕೆ ಕನ್ನಡದವರಿಗೆ ಸ್ವಲ್ಪ ಹತ್ತಿರದವರೇ ಅಲ್ವಾ. ಆ ಸಚಿವಾಲಯದಿಂದ ಜಿಎಸ್‌ಟಿ ಪ್ರಶ್ನೆಗಳಿಗೆ ವರ್ಷಗಳಿಂದ ಬರುವ ಉತ್ತರದಲ್ಲಿ ಒಂದು ಸಾಲು ಕಾಯಂ. ದರ ಮತ್ತು ವಿನಾಯಿತಿಗಳನ್ನು ಜಿಎಸ್‌ಟಿ ಕೌನ್ಸಿಲ್‌ನ ಶಿಫಾರಸಿನಂತೆ ನಿಗದಿ ಮಾಡಲಾಗುತ್ತದೆ, ಅದು ಕೇಂದ್ರ ಮತ್ತು ರಾಜ್ಯಗಳ ಪ್ರತಿನಿಧಿಗಳಿರುವ ಸಾಂವಿಧಾನಿಕ ಸಂಸ್ಥೆ. ಪ್ರಶ್ನೆ ವಿಮೆಯ ಬಗ್ಗೆ ಇರಲಿ, ಬೀಡಿಯ ಬಗ್ಗೆ ಇರಲಿ, ಭರತನಾಟ್ಯದ ಬಗ್ಗೆ ಇರಲಿ, ಈ ಸಾಲು ಬದಲಾಗುವುದಿಲ್ಲ. ಮಹಾರಾಷ್ಟ್ರದ ಹಣಕಾಸು ಮಂತ್ರಿಗೆ ವಿಧಾನ ಭವನದಲ್ಲಿ ಇದನ್ನೇ ಕೇಳಿದರೆ ಅವರೂ ಕೌನ್ಸಿಲ್ ಕಡೆಗೇ ಕೈ ತೋರಿಸಬಹುದು.

ಕೌನ್ಸಿಲ್ ಇರುವುದು ಸಂವಿಧಾನದ 279ಎ ವಿಧಿಯಲ್ಲಿ. ಕೇಂದ್ರ ಹಣಕಾಸು ಸಚಿವರೇ ಅಧ್ಯಕ್ಷರು. ಮತದಲ್ಲಿ ಕೇಂದ್ರದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳದ್ದೆಲ್ಲ ಸೇರಿ ಎರಡು ಪಾಲು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಹಾಗಾಗಿ ಕೇಂದ್ರ ಬೇಡ ಅಂದರೆ ಏನೂ ಆಗುವುದಿಲ್ಲ. ಕೇಂದ್ರ ಒಂದೇ ಬೇಕು ಅಂದರೂ ಆಗುವುದಿಲ್ಲ. ಮತಕ್ಕೆ ಹಾಕಿದ್ದೇ ಅಪರೂಪ, ಮೊದಲ ಸಲ 2019ರ ಡಿಸೆಂಬರ್‌ನಲ್ಲಿ, ಅದೂ ಲಾಟರಿ ತೆರಿಗೆಗಾಗಿ. ಉಳಿದದ್ದೆಲ್ಲ ಒಮ್ಮತ. ಒಮ್ಮತದಲ್ಲಿ ಯಾರು ಏನು ಹೇಳಿದರು ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಆದರೆ ಕೌನ್ಸಿಲ್ ಹೇಳಿದ್ದೇ ಕೊನೆ ಎನ್ನುವುದೂ ಪೂರ್ತಿ ನಿಜವಲ್ಲ. 2022ರ ಮೇ 19ರಂದು ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಕೌನ್ಸಿಲ್‌ನ ಶಿಫಾರಸಿಗೆ ಬೆಲೆ ಇದೆ, ಆದರೆ ಅದು ಸಂಸತ್ತನ್ನೋ ಶಾಸನಸಭೆಯನ್ನೋ ಕಟ್ಟಿಹಾಕುವುದಿಲ್ಲ. ಜೊತೆಗೆ ಸಿಜಿಎಸ್‌ಟಿ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅದರಡಿ ಹೊರಡುವ ಪ್ರತಿ ಅಧಿಸೂಚನೆಯನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಎರಡೂ ಸದನಗಳು ಒಪ್ಪಿದರೆ ಅದನ್ನು ಬದಲಾಯಿಸಬಹುದು, ರದ್ದೂ ಮಾಡಬಹುದು. ಅಷ್ಟು ಅಧಿಕಾರ ಕೈಯಲ್ಲಿಟ್ಟುಕೊಂಡು ಸಂಸದರು "ಸರ್ಕಾರ ಪರಿಶೀಲಿಸುತ್ತಿದೆಯೇ?" ಎಂದು ಕೇಳುತ್ತಾರೆ. ಪರಿಶೀಲಿಸುತ್ತಿದೆ ಅಥವಾ ಇಲ್ಲ ಅಂತ ಉತ್ತರ ಬರುತ್ತದೆ. ಮುಗಿಯಿತು.

ಶನಿವಾರದ ಯಕ್ಷಗಾನ ಕ್ಲಾಸು

ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸುವುದು ತರಬೇತಿಯ ವಿನಾಯಿತಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮುಂಬಯಿಯ ಕನ್ನಡ, ತುಳು ಸಂಘಗಳಲ್ಲಿ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ, ಚೆಂಡೆ, ಭರತನಾಟ್ಯ, ಸಂಗೀತ ಕಲಿಸುವುದು ಮೊದಲಿಂದ ಬಂದ ರೂಢಿ. ಮುಲುಂಡ್, ಗೋರೆಗಾಂವ್, ಠಾಣೆ, ಡೊಂಬಿವಲಿಯ ಮಕ್ಕಳು ಶನಿವಾರ ಸಂಜೆ ಬರುತ್ತಾರೆ, ತಿಂಗಳಿಗೆ ಒಂದಿಷ್ಟು ಫೀಸು ಕೊಡುತ್ತಾರೆ. ಕಲೆ ಸಂಸ್ಕೃತಿಯ ತರಬೇತಿಗೆ ಮೊದಲಿಂದಲೂ ಜಿಎಸ್‌ಟಿ ವಿನಾಯಿತಿ ಇತ್ತು. ಯಾರು ಕಲಿಸಿದರೂ ಇತ್ತು. 2022ರ ಜುಲೈ 18ರಿಂದ ಆ ಸಾಲಿಗೆ ಒಂದು ಷರತ್ತು ಸೇರಿತು. ಕಲಿಸುವವರು ವ್ಯಕ್ತಿಯಾಗಿರಬೇಕು. ಸಂಸ್ಥೆ ಕಲಿಸಿದರೆ ವಿನಾಯಿತಿ ಇಲ್ಲ.

ಈಗ ಲೆಕ್ಕ ಹಾಕಿ. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿಯೇ ಬೇಡ. ಯಕ್ಷಗಾನ ಕಲಿಸಿ ವರ್ಷಕ್ಕೆ 20 ಲಕ್ಷ ದುಡಿಯುವ ಗುರುಗಳು ಎಷ್ಟು ಜನ ಇದ್ದಾರು? ಅಂದರೆ ವಿನಾಯಿತಿ ಇಲ್ಲದಿದ್ದರೂ ಅವರಿಗೆ ತೆರಿಗೆ ತಾಗುತ್ತಿರಲಿಲ್ಲ. ಬೇಡದವರಿಗೆ ಉಳಿಸಿ, ಬೇಕಾದವರಿಂದ ತೆಗೆದ ಹಾಗಾಯಿತು.

ಬೇಕಾದವರು ಯಾರೆಂದರೆ ಸ್ವಂತ ಭವನ ಇರುವ ಸಂಘಗಳು. ಹಿಂದಿನ ತಲೆಮಾರಿನವರು ಹೋಟೆಲ್ ನಡೆಸಿ, ಕ್ಯಾಂಟೀನಿನಲ್ಲಿ ದುಡಿದು, ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿ, ಚಂದಾ ಎತ್ತಿ ಕಟ್ಟಿಸಿದ ಭವನಗಳವು. ಖರ್ಚು ನಿಭಾಯಿಸಲು ಹಾಲನ್ನು ಮದುವೆ, ಮುಂಜಿಗೆ ಬಾಡಿಗೆಗೆ ಕೊಡುತ್ತಾರೆ. ಆ ಬಾಡಿಗೆಯಿಂದ ವಹಿವಾಟು 20 ಲಕ್ಷ ದಾಟುತ್ತದೆ. ಒಮ್ಮೆ ನೋಂದಣಿಯಾದರೆ ಮದುವೆ ಹಾಲಿನ ತೆರಿಗೆಯ ಜೊತೆ ಮಕ್ಕಳ ಕ್ಲಾಸಿನ ಫೀಸೂ ತೆರಿಗೆಯ ಬಲೆಗೆ ಬೀಳುತ್ತದೆ. ಮದುವೆ ಬಾಡಿಗೆಗೆ 18 ಪರ್ಸೆಂಟ್ ಹಾಕಿದರೆ ನನ್ನ ತಕರಾರಿಲ್ಲ. ಮಗು ತೆಂಕುತಿಟ್ಟಿನ ಹೆಜ್ಜೆ ಕಲಿಯುವುದಕ್ಕೂ ಅದೇ ಅಳತೆ ಯಾಕೆ?

ಸಂಘ ಚಾರಿಟಿ ಅಲ್ವಾ, ಇನ್‌ಕಮ್ ಟ್ಯಾಕ್ಸಿನವರ 12ಎ ಸರ್ಟಿಫಿಕೇಟ್ ಇದೆಯಲ್ಲ ಅಂತ ಪದಾಧಿಕಾರಿಗಳು ಕೇಳುತ್ತಾರೆ. ಸಿಎಗಳು ತಲೆ ಅಲ್ಲಾಡಿಸುತ್ತಾರೆ. ಇನ್‌ಕಮ್ ಟ್ಯಾಕ್ಸಿನ ಚಾರಿಟಿ ಬೇರೆ, ಜಿಎಸ್‌ಟಿಯ ಚಾರಿಟಿ ಬೇರೆ. ಜಿಎಸ್‌ಟಿ ಅಧಿಸೂಚನೆಯ ಪ್ರಕಾರ ದಾನಧರ್ಮದ ಕೆಲಸ ಅಂದರೆ ಕೆಲವು ಬಗೆಯ ಸಾರ್ವಜನಿಕ ಆರೋಗ್ಯ ಸೇವೆ, ಧರ್ಮ, ಅಧ್ಯಾತ್ಮ, ಯೋಗ, ಅನಾಥ ಮಕ್ಕಳು ಕೈದಿಗಳು ಮುಂತಾದವರ ಶಿಕ್ಷಣ, ಪರಿಸರ ರಕ್ಷಣೆ. ಆ ಪಟ್ಟಿಯಲ್ಲಿ ಕಲೆಯೂ ಇಲ್ಲ, ಸಾಹಿತ್ಯವೂ ಇಲ್ಲ, ಭಾಷೆಯೂ ಇಲ್ಲ. ಅದೇ ಅಧಿಸೂಚನೆಯ ಇನ್ನೊಂದು ಸಾಲಿನಲ್ಲಿ ಕಲೆ, ಸಾಹಿತ್ಯ, ಸಂಸ್ಕೃತಿಗೆ ದುಡಿಯುವ ಲಾಭರಹಿತ ಸಂಸ್ಥೆಗಳ ಹೆಸರು ಬರುತ್ತದೆ. ಅಲ್ಲಿ ಕೊಟ್ಟ ರಿಯಾಯಿತಿ ಏನೆಂದರೆ ವರ್ಷಕ್ಕೆ ತಲೆಗೆ 1,000 ರೂಪಾಯಿವರೆಗಿನ ಸದಸ್ಯತ್ವ ಶುಲ್ಕಕ್ಕೆ ತೆರಿಗೆ ಇಲ್ಲ. ಅಷ್ಟೇ.

ಈ ಷರತ್ತು ಯಾಕೆ ಬಂತು? ದೊಡ್ಡ ಡ್ಯಾನ್ಸ್ ಅಕಾಡೆಮಿಗಳು ವಿನಾಯಿತಿ ಪಡೆಯುತ್ತಿದ್ದವು ಎಂಬ ಯೋಚನೆ ಇದ್ದಿರಬಹುದು, ಅದು ತಪ್ಪೂ ಅಲ್ಲ. ಆದರೆ ಕ್ರೀಡೆಯ ವಿಷಯದಲ್ಲಿ ಅದೇ ಸಾಲು ದತ್ತಿ ಸಂಸ್ಥೆಗಳಿಗೆ ವಿನಾಯಿತಿ ಉಳಿಸಿದೆ. ದತ್ತಿ ಸಂಸ್ಥೆ ಕಬಡ್ಡಿ ಕಲಿಸಿದರೆ ತೆರಿಗೆ ಇಲ್ಲ. ಅದೇ ಸಂಸ್ಥೆ ಯಕ್ಷಗಾನ ಕಲಿಸಿದರೆ ಇದೆ. ಸದನದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಕೌನ್ಸಿಲ್ ಸಾಂವಿಧಾನಿಕ ಸಂಸ್ಥೆ ಎಂಬ ಸಾಲು ಸಾಕಾಗುವುದಿಲ್ಲ.

ಪ್ರದರ್ಶನದ ಕಡೆ ಬಂದರೆ ಇನ್ನೊಂದು ಗೊಂದಲ. ತಿರುಗಾಟ ಮುಗಿಸುವ ದಿನವಾದ ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುತ್ತಾರೆ. ಒಂದೂವರೆ ಲಕ್ಷದ ವಿನಾಯಿತಿ ಇರುವುದು ಕಲಾವಿದ ಕೊಡುವ ಸೇವೆಗೆ. ಭಾಗವತರು, ಹಿಮ್ಮೇಳ, ಮುಮ್ಮೇಳ, ವೇಷಭೂಷಣದವರು ಸೇರಿದ ಇಡೀ ತಂಡ ಒಬ್ಬ ಕಲಾವಿದನೇ? ಯಜಮಾನರಿಗೆ ಕೊಡುವ ಒಟ್ಟು ಮೊತ್ತವನ್ನು ನೋಡಬೇಕೇ, ತಲೆಗೆ ಹಂಚಿ ನೋಡಬೇಕೇ? ಒಬ್ಬ ಹಾಡುಗಾರ, ಒಬ್ಬ ನರ್ತಕಿಯನ್ನು ಮನಸ್ಸಿನಲ್ಲಿಟ್ಟು ಬರೆದ ಸಾಲಿದು, ಮೇಳ ಅದರಲ್ಲಿ ಇಕ್ಕಟ್ಟಾಗಿ ಕೂರುತ್ತದೆ. ಇನ್ನು ಟಿಕೆಟ್ 500ರೊಳಗೆ ಇಟ್ಟು ವಿನಾಯಿತಿ ಪಡೆದರೆ ಹಾಲಿಗೆ, ಸೌಂಡಿಗೆ, ಲೈಟಿಗೆ ಕೊಟ್ಟ 18 ಪರ್ಸೆಂಟ್ ವಾಪಸ್ ಸಿಗುವುದಿಲ್ಲ. 60,000 ರೂಪಾಯಿ ಹಾಲ್ ಬಾಡಿಗೆಗೆ 10,800 ತೆರಿಗೆ ಸಂಘದ ಗಂಟಿನಿಂದಲೇ. ತೆರಿಗೆ ಇಲ್ಲದ ಪ್ರದರ್ಶನ ಅನ್ನುವುದು ಟಿಕೆಟಿನ ಮೇಲೆ ಕಾಣುವ ಸತ್ಯ ಮಾತ್ರ.

ಪುಸ್ತಕದ್ದೂ ಇದೇ ಪಾಡು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ ಅಂತ ಮಂತ್ರಿಗಳು ಹೆಮ್ಮೆಯಿಂದ ಹೇಳಬಹುದು. 2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ನೋಟ್‌ಬುಕ್ಕಿನ ಕಾಗದಕ್ಕೆ ತೆರಿಗೆ ಹೋಯಿತು, ಪುಸ್ತಕ ಅಚ್ಚು ಹಾಕುವ ಕಾಗದಕ್ಕೆ 12ರಿಂದ 18 ಆಯಿತು. ಪುಸ್ತಕ ವಿನಾಯಿತಿಯಲ್ಲಿ ಇರುವುದರಿಂದ ಆ 18 ವಾಪಸ್ ಬರುವುದಿಲ್ಲ, ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಐನೂರು ಪ್ರತಿ ಅಚ್ಚು ಹಾಕಿಸುವ ಮುಂಬಯಿ ಕನ್ನಡದ ಕವಿಗೆ ಇದು ಸಣ್ಣ ಮೊತ್ತವಲ್ಲ. ಅದೇ ದಿನ 100 ರೂಪಾಯಿ ಒಳಗಿನ ಸಿನಿಮಾ ಟಿಕೆಟಿಗೆ 12ರಿಂದ 5ಕ್ಕೆ ಇಳಿಸಿದರು. ಮುಂಬಯಿಯ ಮಲ್ಟಿಪ್ಲೆಕ್ಸಿನಲ್ಲಿ ನೂರು ರೂಪಾಯಿಗೆ ಪಾಪ್‌ಕಾರ್ನೂ ಬರುವುದಿಲ್ಲ.

ಎಲ್ಲವೂ ಕೆಟ್ಟದ್ದೇ ಅಂತೇನಲ್ಲ. ಅದೇ ಬದಲಾವಣೆಯಲ್ಲಿ, ದಿನಕ್ಕೆ 7,500ರ ಒಳಗಿನ ಲಾಡ್ಜ್ ರೂಮಿಗೆ 12 ಇದ್ದದ್ದು 5 ಆಯಿತು, ತಂಡಗಳನ್ನು ಉಳಿಸಿಕೊಳ್ಳುವವರಿಗೆ ಸ್ವಲ್ಪ ಹಗುರ. ಕೊಡುಗೈ ದಾನಿಗಳ ವಿಷಯದಲ್ಲಿ 2019ರ ಅಕ್ಟೋಬರ್‌ನ ಒಂದು ಸುತ್ತೋಲೆ ನಿಜಕ್ಕೂ ಒಳ್ಳೆಯದು. ದತ್ತಿ ಸಂಸ್ಥೆಗೆ ದಾನ ಕೊಟ್ಟವರ ಹೆಸರನ್ನು ಕೃತಜ್ಞತೆಗಾಗಿ ಫಲಕದಲ್ಲಿ ಹಾಕಿದರೆ, ಅದರಲ್ಲಿ ವ್ಯಾಪಾರದ ಜಾಹೀರಾತು ಇಲ್ಲದಿದ್ದರೆ, ಜಿಎಸ್‌ಟಿ ಇಲ್ಲ ಎಂದು ಅದು ಹೇಳುತ್ತದೆ. ಹಾಗಾಗಿ ತಂದೆಯ ನೆನಪಿಗೆ ಇಂಥವರ ಕೊಡುಗೆ ಎಂಬ ಫಲಕಕ್ಕೆ ತೊಂದರೆ ಇಲ್ಲ. ಅದೇ ಫಲಕದಲ್ಲಿ ಹೋಟೆಲಿನ ಲೋಗೊ, ಫೋನ್ ನಂಬರ್, ಎಸಿ ಫ್ಯಾಮಿಲಿ ರೂಮ್ ಅಂತ ಬಂದರೆ ಕತೆ ಬೇರೆ. ನಮ್ಮಲ್ಲಿ ಎಷ್ಟೋ ಬ್ಯಾನರುಗಳು ಈ ಎರಡರ ನಡುವೆ ಇವೆ.

ವಿಧಾನ ಭವನ, ಪಾಲಿಕೆ

ಉತ್ತರ ಕೊಡುವ ಮಂತ್ರಿಯ ಕೈಯಲ್ಲೇ ಅಧಿಕಾರ ಇದ್ದರೆ ಸದನದ ಪ್ರಶ್ನೆಗೆ ಎಷ್ಟು ಬಲ ಬರುತ್ತದೆ ಎನ್ನುವುದಕ್ಕೆ 2025ರ ಜುಲೈ ಸಾಕ್ಷಿ. ಪುಣೆಯ ಕಸಬಾದ ಶಾಸಕ ಹೇಮಂತ್ ರಾಸನೆ ವಿಧಾನಸಭೆಯಲ್ಲಿ ಸಾರ್ವಜನಿಕ ಗಣೇಶೋತ್ಸವದ ವಿಷಯ ಎತ್ತಿದರು. ಸಾಂಸ್ಕೃತಿಕ ವ್ಯವಹಾರಗಳ ಮಂತ್ರಿ ಆಶಿಷ್ ಶೆಲಾರ್ ಎದ್ದು ಅದನ್ನು ಮಹಾರಾಷ್ಟ್ರದ ರಾಜ್ಯ ಹಬ್ಬ ಎಂದು ಸಾರಿದರು. ಹಬ್ಬಕ್ಕೆ ಸ್ಥಾನಮಾನ ಕೊಡುವುದು ರಾಜ್ಯದ ಕೈಯಲ್ಲಿತ್ತು, ಕೊಟ್ಟರು. ಮಂಟಪದಲ್ಲಿ ನಡೆಯುವ ಕಾರ್ಯಕ್ರಮದ ಸೌಂಡ್ ಸಿಸ್ಟಮಿನ ಜಿಎಸ್‌ಟಿ ತೆಗೆಯಿರಿ ಎಂದು ಅದೇ ಮಂತ್ರಿಯನ್ನು ಕೇಳಿದ್ದರೆ ಅವರಿಗೆ ಏನೂ ಮಾಡಲು ಆಗುತ್ತಿರಲಿಲ್ಲ.

ಆದರೆ ರಾಜ್ಯದ ಮಂತ್ರಿಯನ್ನು ಒಂದು ಮಾತು ಖಂಡಿತ ಕೇಳಬಹುದು. ಕೌನ್ಸಿಲ್ ಸಭೆಯಲ್ಲಿ ಮಹಾರಾಷ್ಟ್ರದ ಪರವಾಗಿ ಕೂತವರು ಏನು ಹೇಳಿದರು? 500ರ ಗೆರೆ ಏರಿಸಲು ರಾಜ್ಯ ಪತ್ರ ಬರೆದಿದೆಯೇ, ಯಾವ ದಿನ? ದರ ಬದಲಾವಣೆಯ ಮನವಿಗಳನ್ನು ಮೊದಲು ನೋಡುವುದು ಕೇಂದ್ರ ಮತ್ತು ರಾಜ್ಯದ ಅಧಿಕಾರಿಗಳ ಫಿಟ್‌ಮೆಂಟ್ ಕಮಿಟಿ. ಅದರ ಮುಂದೆ ಈ ಮನವಿ ಬಂದಿದೆಯೇ, ಏನು ಬರೆದರು? ಇವು ದಾಖಲೆಯ ಪ್ರಶ್ನೆಗಳು. ದಾಖಲೆಯ ಪ್ರಶ್ನೆಗೆ ಕೌನ್ಸಿಲ್‌ನ ಹೆಸರು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ವಿಧಾನಮಂಡಲದಲ್ಲಿ ಇದಕ್ಕೆ ತಾರಾಂಕಿತ (ಚುಕ್ಕೆ ಗುರುತಿನ) ಪ್ರಶ್ನೆ ಇದೆ, ಲಕ್ಷವೇಧಿ (ಗಮನ ಸೆಳೆಯುವ) ಸೂಚನೆ ಇದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಉತ್ತರ ಓದುವುದು ಕಷ್ಟವೇನಲ್ಲ.

ಮೂರನೆಯ ಮನೆ ಪಾಲಿಕೆ. ಬೃಹನ್ಮುಂಬೈ ಪಾಲಿಕೆ ಪ್ರತಿ ಪ್ರದರ್ಶನಕ್ಕೆ ಥಿಯೇಟರ್ ಟ್ಯಾಕ್ಸ್ ಅಂತ ಬೇರೆಯೇ ವಿಧಿಸುತ್ತದೆ, ಜಿಎಸ್‌ಟಿ ಬಂದರೂ ಅದು ಹೋಗಲಿಲ್ಲ. ಇದನ್ನು ಕೇಳಬೇಕಾದವರು ನಗರಸೇವಕರು, ಅಂದರೆ ಪಾಲಿಕೆ ಸದಸ್ಯರು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆ ನಡೆದದ್ದು 2026ರ ಜನವರಿ 15ಕ್ಕೆ. ಹತ್ತಿರ ಹತ್ತಿರ ನಾಲ್ಕು ವರ್ಷ 227 ಕುರ್ಚಿಗಳೂ ಖಾಲಿ. ಅಷ್ಟು ಕಾಲ ಆಡಳಿತಾಧಿಕಾರಿಯೇ ತೆರಿಗೆ ಹಾಕಿದ್ದು, ಅವರೇ ಬಜೆಟ್ ಮಾಡಿದ್ದು. ಪ್ರಶ್ನೆ ಕೇಳಲು ಸದನವೇ ಇರಲಿಲ್ಲ.

ಸಣ್ಣ ಪ್ರಶ್ನೆ

ಲಿಖಿತ ಪ್ರಶ್ನೆಯಿಂದ ಏನಾಗುತ್ತದೆ, ಸುಮ್ನೆ ಕಾಗದ ಅಂತ ಅನ್ನುವವರು 1957 ನೆನಪಿಸಿಕೊಳ್ಳಬೇಕು. ಎಲ್‌ಐಸಿಯ ಹಣ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ ಹೂಡಿದ್ದು ಹೌದೇ ಎಂದು ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಕೇಳಿದರು. ಉತ್ತರ ಜಾರಿಕೊಳ್ಳುವ ಧಾಟಿಯಲ್ಲಿತ್ತು. ಫಿರೋಜ್ ಗಾಂಧಿ ಅದನ್ನು ಹಿಡಿದು ಬಿಡಲಿಲ್ಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಇದೇ ಮುಂಬಯಿಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಪ್ರಶ್ನೆಯಲ್ಲಿ ಭಾಷಣ ಇರಲಿಲ್ಲ. ಹೂಡಿದ್ದೀರಾ, ಎಷ್ಟು, ಅಷ್ಟೇ.

ಮಂತ್ರಿ "ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡುತ್ತೇವೆ" ಅಥವಾ "ಪರಿಶೀಲಿಸುತ್ತೇವೆ" ಎಂದರೆ ಅದು ಭರವಸೆಯ ಲೆಕ್ಕಕ್ಕೆ ಸೇರಬಹುದು. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ಸ್ಪಷ್ಟವಾಗದ ಉತ್ತರದ ಮೇಲೆ ಅರ್ಧ ಗಂಟೆ ಚರ್ಚೆ ಕೇಳುವ ಅವಕಾಶವೂ ನಿಯಮದಲ್ಲಿದೆ. ಇವನ್ನೆಲ್ಲ ಬಳಸಬೇಕಾದರೆ ಬೆನ್ನು ಬಿಡದೆ ಕೇಳುವವರು ಬೇಕು.

ಮುಂಬಯಿ ಕನ್ನಡಿಗರಿಗೆ ಆ ವಿಷಯದಲ್ಲಿ ಬಡತನವಿಲ್ಲ. ಇಲ್ಲಿಯ ಸಂಸದರಿಗೆ ನಾವು ಮತದಾರರು. ಕರಾವಳಿಯ ಸಂಸದರಿಗೆ ನಾವು ಊರಿನವರು. ಅವರು ಸಂಘದ ಕಾರ್ಯಕ್ರಮಕ್ಕೆ ಬಂದಾಗ ಶಾಲು, ಹಾರ, ಹಣ್ಣಿನ ಬುಟ್ಟಿ ತಪ್ಪುವುದಿಲ್ಲ. ಕೈಗೆ ಮನವಿ ಪತ್ರವನ್ನೂ ಕೊಡುತ್ತೇವೆ, ಅದರಲ್ಲಿ ಇರುವುದು ಕೊಂಕಣ ರೈಲಿನ ಇನ್ನೊಂದು ಬೋಗಿ, ಇನ್ನೊಂದು ಸ್ಟಾಪು. ಅದೂ ಬೇಕಾದದ್ದೇ. ಮುಂದಿನ ಸಲ ಅದರ ಹಿಂದೆ ಇನ್ನೊಂದು ಹಾಳೆ ಪಿನ್ ಮಾಡಿ. ಸದನದಲ್ಲಿ ಉತ್ತರ ಬರಬೇಕಾದ ದಿನಕ್ಕಿಂತ 15 ದಿನಕ್ಕೂ ಮೊದಲು ನೋಟಿಸ್ ಹೋಗಬೇಕು ಎಂಬುದನ್ನು ನೋಡಿಕೊಂಡು ಮೊದಲೇ ಕೊಡಿ. ಹಾಳೆಯಲ್ಲಿ ಹೀಗೆ ಬರೆಯಬಹುದು:

ಹಣಕಾಸು ಸಚಿವರು ದಯವಿಟ್ಟು ತಿಳಿಸುವರೇ:

(ಅ) ಕಲೆ ಮತ್ತು ಸಂಸ್ಕೃತಿಯ ತರಬೇತಿಗಿದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈ 18ರಿಂದ ವ್ಯಕ್ತಿಗಳಿಗೆ ಮಾತ್ರ ಸೀಮಿತಗೊಳಿಸಲು ಕಾರಣಗಳೇನು;

(ಆ) ಕ್ರೀಡಾ ತರಬೇತಿಯಲ್ಲಿ ದತ್ತಿ ಸಂಸ್ಥೆಗಳಿಗೆ ಉಳಿಸಿದ ವಿನಾಯಿತಿಯನ್ನು ಕಲಾ ತರಬೇತಿಯಲ್ಲಿ ಉಳಿಸದಿರಲು ಕಾರಣಗಳೇನು;

(ಇ) ಈ ಬಗ್ಗೆ ಸಂಸ್ಕೃತಿ ಸಚಿವಾಲಯದ ಅಭಿಪ್ರಾಯ ಪಡೆಯಲಾಗಿತ್ತೇ, ಹಾಗಿದ್ದರೆ ಅದರ ವಿವರ;

(ಈ) ಪ್ರವೇಶ ಟಿಕೆಟಿನ 500 ರೂಪಾಯಿ ಮತ್ತು ಕಲಾವಿದರ ಸಂಭಾವನೆಯ 1,50,000 ರೂಪಾಯಿ ಮಿತಿಗಳನ್ನು ಏರಿಸಲು ಯಾವ ಯಾವ ರಾಜ್ಯಗಳಿಂದ ಪ್ರಸ್ತಾವ ಬಂದಿದೆ, ದಿನಾಂಕವಾರು ವಿವರ, ಮತ್ತು

(ಉ) ಫಿಟ್‌ಮೆಂಟ್ ಕಮಿಟಿ ಅವುಗಳ ಮೇಲೆ ಏನು ಶಿಫಾರಸು ಮಾಡಿದೆ?

150 ಪದದೊಳಗೆ ಬರುತ್ತದೆ, ಎಣಿಸಿ ನೋಡಿ.